ಹಾಡು ನಿಲ್ಲೋ ಜಾಗದಲ್ಲಿ ಕಿವಿ ಇಡಿ

(ಮೈಸೂರಲ್ಲಿ ಒಂದು ಭಾನುವಾರ ಸಂಜೆ ಸಿನಿಮಾ ಸಂಗೀತದ ಬಗ್ಗೆ ಆಡಿದ ಮಾತು, ರೆಕಾರ್ಡಿಂಗ್ ಕೇಳ್ಕೊಂಡು ಬರೆದಿದ್ದು.)

ಮೊದಲು ಒಂದು ಸಣ್ಣ ಕೆಲಸ ಮಾಡೋಣ. ಎಲ್ರೂ ಮನಸ್ಸಲ್ಲೇ 'ನಗುವ ನಯನ ಮಧುರ ಮೌನ' ಹಾಡ್ಕೊಳ್ಳಿ. ಆಯ್ತಾ? ಎಲ್ರ ತುಟೀನೂ ಅಲ್ಲಾಡ್ತಿದೆ, ಮುಂದಿನ ಸಾಲಲ್ಲಿ ಕೂತಿರೋ ಅಮ್ಮ ಅಂತೂ ಜೋರಾಗೇ ಹಾಡ್ಬಿಟ್ರು, ತುಂಬಾ ಚೆನ್ನಾಗಿತ್ತಮ್ಮ. ಈಗ ಇನ್ನೊಂದು. ಪಲ್ಲವಿ ಮುಗೀತು, ಚರಣ ಇನ್ನೂ ಶುರುವಾಗಿಲ್ಲ, ಆ ಮಧ್ಯದಲ್ಲಿ ಏನು ಬರುತ್ತೆ? ಅದನ್ನ ಹಾಡಿ ನೋಡೋಣ. ನೋಡಿ, ಸುಮ್ಮನಾಗ್ಬಿಟ್ರಿ. ಹಿಂದೆ ಒಬ್ಬ ಹುಡುಗ ಮಾತ್ರ ಗಿಟಾರ್ ಹಿಡಿದಿರೋ ಹಾಗೆ ಬೆರಳು ಆಡಿಸ್ತಿದಾನೆ, ಅವನು ನುಡಿಸೋನೇ ಇರಬೇಕು. ನಾನು ಇವತ್ತು ಮಾತಾಡ್ಬೇಕು ಅಂತ ಬಂದಿರೋದು ಆ ಹುಡುಗನ ಬೆರಳಲ್ಲಿ ಇರೋ ಸಂಗೀತದ ಬಗ್ಗೆ.

ನಾನು ಮಂಡ್ಯದೋನು. ಆರ್ಕೆಸ್ಟ್ರಾದಲ್ಲಿ ಮೊದಲು ಹಾರ್ಮೋನಿಯಂ, ಆಮೇಲೆ ಕೀಬೋರ್ಡು, ಹತ್ತತ್ರ ಮೂವತ್ತು ವರ್ಷ ನುಡಿಸಿದೀನಿ. ಗಣಪತಿ ಹಬ್ಬ ಶುರುವಾದ್ರೆ ದೀಪಾವಳಿ ತನಕ ನಮಗೆ ರಾತ್ರಿ ನಿದ್ದೆ ಇರ್ತಿರಲಿಲ್ಲ, ಇವತ್ತು ಮದ್ದೂರು, ನಾಳೆ ಪಾಂಡವಪುರ, ನಾಡಿದ್ದು ನಂಜನಗೂಡು ಹೀಗೇ. ಹಾಡೋರು ಪಲ್ಲವಿ ಚರಣ ಕಲಿತ್ರೆ ಮುಗೀತು, ನಮ್ಮ ಪಾಲಿಗೆ ಬರೋದು ಅವರು ಹಾಡದೇ ಇರೋ ಜಾಗ. ನಾವು ಅದನ್ನ ಬಿಟ್ ಅಂತೀವಿ. ಫಸ್ಟ್ ಬಿಟ್, ಸೆಕೆಂಡ್ ಬಿಟ್. ಕೊಳಲು ಬಂದ್ರೂ ನಾನೇ, ವಯಲಿನ್ ಬಂದ್ರೂ ನಾನೇ, ಸಿತಾರ್ ಬಂದ್ರೂ ನಾನೇ, ಯಾಕಂದ್ರೆ ಊರಿನ ಗಣಪತಿಗೆ ಇಪ್ಪತ್ತು ಜನ ವಯಲಿನ್ನೋರನ್ನ ಕರ್ಕೊಂಡು ಹೋಗೋಕಾಗುತ್ತಾ. ಕ್ಯಾಸೆಟ್ ಹಾಕಿ ಕೇಳೋದು, ನಿಲ್ಲಿಸೋದು, ಹಿಂದಕ್ಕೆ ಸುತ್ತೋದು, ಮತ್ತೆ ಕೇಳೋದು, ಒಂದೊಂದು ಬಿಟ್‌ಗೆ ನಲವತ್ತು ಸಲ ಐವತ್ತು ಸಲ, ಟೇಪು ಸವೆದು ಆ ಜಾಗದಲ್ಲಿ ಮಾತ್ರ ಸೌಂಡು ಮಂಕಾಗಿಬಿಡೋದು. ಹಂಗೆ ಕೇಳಿ ಕೇಳಿ ನನಗೆ ಗೊತ್ತಾಗಿದ್ದು, ಒಬ್ಬ ಸಂಗೀತ ನಿರ್ದೇಶಕ ಯಾರು ಅಂತ ತಿಳಿಯೋದು ಹಾಡು ನಿಂತ ಮೇಲೇನೇ ಅಂತ. ಟ್ಯೂನ್ ಜೊತೆ ಕವಿ ಇರ್ತಾರೆ, ಗಾಯಕರಿರ್ತಾರೆ, ಪರದೆ ಮೇಲೆ ಹೀರೋ ಇರ್ತಾನೆ. ಬಿಟ್ ಹತ್ರ ಅವರು ಯಾರೂ ಇಲ್ಲ. ಅಲ್ಲಿ ಆ ಮನುಷ್ಯ, ಅವರ ವಾದ್ಯದೋರು, ಅಷ್ಟೇ.

ಜನಕ್ಕೆ ಬಿಟ್ ಗೊತ್ತಿರಲ್ಲ ಅಂತ ಮಾತ್ರ ಅನ್ಕೋಬೇಡಿ. ಮದ್ದೂರು ಹತ್ರ ಒಂದು ಹಳ್ಳಿ, ರಾತ್ರಿ ಒಂದು ಗಂಟೆ ಆಗಿತ್ತು, ರಾಜನ್-ನಾಗೇಂದ್ರ ಅವರ ಒಂದು ಹಾಡು, ನನಗೆ ಸೆಕೆಂಡ್ ಬಿಟ್ ಸರಿಯಾಗಿ ಕೂತಿರಲಿಲ್ಲ, ಫಸ್ಟ್ ಬಿಟ್ಟನ್ನೇ ಇನ್ನೊಂದ್ಸಲ ನುಡಿಸಿ ಮುಂದಕ್ಕೆ ಹೋದೆ. ಹಾಡು ಮುಗೀತು, ಜನ ಚಪ್ಪಾಳೆ ಹೊಡೆದ್ರು. ಸ್ಟೇಜ್ ಇಳೀತಿದ್ದಂಗೆ ಒಬ್ಬ ಯಜಮಾನ್ರು, ಹೆಗಲ ಮೇಲೆ ಕಂಬಳಿ, ನನ್ನ ಕೈ ಹಿಡಿದು "ಲೇ ಮಗ, ಎಲ್ಡ್ನೇ ಸಲಕ್ಕೆ ಅದು ಬ್ಯಾರೆ ಥರ ಬತ್ತದೆ ಕಣ್ಲಾ, ಅದ್ಯಾಕ್ಲಾ ನುಂಗ್ಬುಟ್ಟೆ" ಅಂದ್ರು. ಅವರಿಗೆ ಯಾವ ರಾಗ ಏನು ಗೊತ್ತಿಲ್ಲ, ಗದ್ದೆಗೆ ನೀರು ಕಟ್ಟೋವಾಗ ರೇಡಿಯೋದಲ್ಲಿ ಕೇಳಿರೋದಷ್ಟೇ. ಆವತ್ತಿಂದ ನಾನು ಯಾವ ಬಿಟ್ಟನ್ನೂ ನುಂಗಿಲ್ಲ.

ರಾಜನ್-ನಾಗೇಂದ್ರ ಅಂದ್ನಲ್ಲ, ಅಲ್ಲಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಅವರು ನಿಮ್ಮೂರೋರು. ಇದೇ ಮೈಸೂರಿನ ಶಿವರಾಂಪೇಟೆ. ಅವರ ತಂದೆ ರಾಜಪ್ಪನವರು ಹಾರ್ಮೋನಿಯಂ, ಕೊಳಲು ನುಡಿಸ್ತಿದ್ರು. ಎಲ್ಲಿ ನುಡಿಸ್ತಿದ್ರು ಗೊತ್ತಾ? ಮೂಕಿ ಚಿತ್ರಗಳಿಗೆ. ಸಿನಿಮಾಗೆ ಇನ್ನೂ ಮಾತು ಬಂದಿರಲಿಲ್ಲ, ಪರದೆ ಮೇಲೆ ಬರೀ ಚಿತ್ರ ಓಡ್ತಿತ್ತು, ಪರದೆ ಹತ್ರ ಕೂತಿರೋ ವಾದ್ಯದೋರು ಆ ಚಿತ್ರ ನೋಡ್ತಾ ನೋಡ್ತಾ ಅದಕ್ಕೆ ತಕ್ಕ ಹಾಗೆ ಅಲ್ಲೇ ನುಡಿಸ್ಬೇಕು. ಕುದುರೆ ಓಡಿದ್ರೆ ಓಡೋ ಹಾಗೆ, ತಾಯಿ ಅತ್ರೆ ಅಳೋ ಹಾಗೆ. ಅಂದ್ರೆ ಯಾರೂ ಮಾತಾಡದ ಜಾಗವನ್ನ ತುಂಬೋದೇ ಅವರ ಕೆಲಸ. ಅಂಥ ಮನೇಲಿ ಈ ಇಬ್ರು ಬೆಳೆದಿದ್ದು, ರಾಜನ್ ವಯಲಿನ್ ಕಲಿತ್ರು, ನಾಗೇಂದ್ರ ಜಲತರಂಗ ಕಲಿತ್ರು. ಜಲತರಂಗ ನೋಡಿದೀರಾ ಯಾರಾದ್ರೂ? ಪಿಂಗಾಣಿ ಬಟ್ಟಲಲ್ಲಿ ನೀರು ತುಂಬಿ ಸಣ್ಣ ಕಡ್ಡೀಲಿ ಬಡಿಯೋದು, ನೀರು ಹೆಚ್ಚು ಹಾಕಿದ್ರೆ ಸ್ವರ ಇಳಿಯುತ್ತೆ, ಕಮ್ಮಿ ಮಾಡಿದ್ರೆ ಏರುತ್ತೆ. ಹಾಗೆ ನೀರಿನ ಅಳತೇಲಿ ಶ್ರುತಿ ಹಿಡಿಯೋ ಕಿವಿ ಎಷ್ಟು ಸೂಕ್ಷ್ಮ ಇರಬೇಕು ಯೋಚನೆ ಮಾಡಿ.

50ರ ದಶಕದ ಶುರುವಲ್ಲಿ ಸಿನಿಮಾಗೆ ಬಂದ್ರು, ಆದ್ರೆ ನಮ್ಮಂಥೋರ ಎದೆಗೆ ಇಳಿದಿದ್ದು 70ರ ದಶಕದಲ್ಲಿ. 'ಗಂಧದ ಗುಡಿ' 1973, 'ಎರಡು ಕನಸು' 1974, 'ಬಯಲು ದಾರಿ' 1976, 'ಪರಸಂಗದ ಗೆಂಡೆತಿಮ್ಮ' ಮತ್ತೆ 'ಹೊಂಬಿಸಿಲು' 1978. ಇವರ ಟ್ಯೂನ್ ಹಾಡೋಕೆ ಸುಲಭ, ಸ್ಕೂಲ್ ಮಕ್ಕಳೂ ಹಾಡ್ತಾರೆ, ಹಾಡು ಬಾರದೋರೂ ಹಾಡ್ತಾರೆ, ಅದಕ್ಕೇ ಕೆಲವರು ಇವರನ್ನ ಲೈಟಾಗಿ ತಗೋತಾರೆ. ನನಗೆ ಆ ಮಾತು ಕೇಳಿದ್ರೆ ಬೇಜಾರಾಗುತ್ತೆ. ಸುಲಭವಾಗಿ ಹಾಡೋಕಾಗೋ ಟ್ಯೂನ್ ಮಾಡೋದು ಎಷ್ಟು ಕಷ್ಟ ಅಂತ ಮಾಡೋಕೆ ಕೂತೋರಿಗೆ ಗೊತ್ತು. ಮತ್ತೆ ಅವರ ಬಿಟ್‌ಗಳು ನುಡಿಸೋಕೆ ಸುಲಭ ಅಲ್ವೇ ಅಲ್ಲ. ವಯಲಿನ್ನೋರೆಲ್ಲ ಒಟ್ಟಿಗೆ ಒಂದು ಪ್ರಶ್ನೆ ಕೇಳ್ತಾರೆ, ಕೊಳಲು ಒಂದೇ ಬಂದು ಉತ್ತರ ಹೇಳುತ್ತೆ, ಆ ಉತ್ತರ ಮುಗಿಯೋ ಸ್ವರಾನೇ ಚರಣದ ಮೊದಲ ಸ್ವರ. ಗಾಯಕರಿಗೆ ಕೈ ಹಿಡಿದು ಕರ್ಕೊಂಡು ಬಂದು ಬಾಗಿಲ ಹತ್ರ ಬಿಟ್ಟ ಹಾಗೆ. ಇದನ್ನ ನಾನು ಪುಸ್ತಕದಲ್ಲಿ ಓದಿಲ್ಲ, ಹಾಡೋರು ಚರಣ ಎತ್ತೋಕೆ ತಡವರಿಸ್ದಾಗೆಲ್ಲ ನೋಡಿದೀನಿ, ಬಿಟ್ಟನ್ನ ನಾವು ಸರಿಯಾಗಿ ನುಡಿಸಿದ್ರೆ ಅವರು ಶ್ರುತಿ ತಪ್ಪೋದೇ ಇಲ್ಲ. ನಾಗೇಂದ್ರ 2000ರಲ್ಲಿ ಹೋದ್ರು, ರಾಜನ್ 2020ರಲ್ಲಿ ಹೋದ್ರು.

ಈಗ ಸ್ವಲ್ಪ ಬೇರೆ ಕಡೆ ಹೋಗ್ತೀನಿ, ಆಮೇಲೆ ವಾಪಸ್ ಬರ್ತೀನಿ. ಈ ಹಾಡುಗಳನ್ನೆಲ್ಲ ಹೇಗೆ ರೆಕಾರ್ಡ್ ಮಾಡ್ತಿದ್ರು ಅನ್ನೋದು ಗೊತ್ತಿದ್ರೆ ಕೇಳೋ ರೀತೀನೇ ಬದಲಾಗುತ್ತೆ. ತುಂಬಾ ವರ್ಷ ಕನ್ನಡ ಹಾಡಿನ ರೆಕಾರ್ಡಿಂಗು ಹೆಚ್ಚಿಗೆ ಆಗ್ತಿದ್ದಿದ್ದು ಮದ್ರಾಸಲ್ಲಿ. ಈಗಿನ ಹಾಗೆ ಇವತ್ತು ತಬಲ, ನಾಳೆ ಗಿಟಾರು, ಮುಂದಿನ ವಾರ ಗಾಯಕರು ಫೋನಲ್ಲೇ ಕಳಿಸೋದು ಅಂತಿರಲಿಲ್ಲ. ಎಲ್ರೂ ಒಂದೇ ಹಾಲಲ್ಲಿ, ಗಾಯಕರು ಅಲ್ಲೇ, ವಯಲಿನ್ ಸಾಲು ಅಲ್ಲೇ, ಎಲ್ಲಾ ಒಟ್ಟಿಗೆ. ಕೊನೇ ಸಾಲಲ್ಲಿ ಒಬ್ಬರು ತಪ್ಪಿದ್ರೆ ಮೊದಲಿಂದ ಮತ್ತೆ. ಹಾಗಾಗಿ ಹಳೇ ಹಾಡಲ್ಲಿ ನೀವು ಕೇಳೋದು ನಿಜವಾಗ್ಲೂ ನಡೆದ ನಾಲ್ಕೈದು ನಿಮಿಷ, ಅಷ್ಟೂ ಜನ ಉಸಿರು ಬಿಗಿಹಿಡಿದು ಕೂತಿದ್ದ ನಾಲ್ಕೈದು ನಿಮಿಷ. ಹಾಡಿದೋರಲ್ಲಿ ಎಷ್ಟೋ ಜನದ ಮನೆ ಮಾತು ಕನ್ನಡ ಅಲ್ಲ. ಪಿ.ಬಿ. ಶ್ರೀನಿವಾಸ್ ಕಾಕಿನಾಡದೋರು, ಎಸ್. ಜಾನಕಿ, ಪಿ. ಸುಶೀಲ, ಎಸ್‌ಪಿಬಿ ತೆಲುಗು ಸೀಮೆಯೋರು, ವಾಣಿ ಜಯರಾಂ ತಮಿಳು. ಅವರ ಬಾಯಲ್ಲಿ ನಮ್ಮ ಳ, ನಮ್ಮ ಹ ಎಷ್ಟು ಚೆನ್ನಾಗಿ ಕೂತಿದೆ ನೋಡಿ. ಎಸ್‌ಪಿಬಿ ಅವರು 1981ರ ಫೆಬ್ರವರಿ 8ನೇ ತಾರೀಖು ಬೆಂಗಳೂರಲ್ಲಿ ಉಪೇಂದ್ರ ಕುಮಾರ್ ಅವರ ಸಂಗೀತಕ್ಕೆ ಬೆಳಗ್ಗೆ 9ರಿಂದ ರಾತ್ರಿ 9ರೊಳಗೆ 21 ಕನ್ನಡ ಹಾಡು ಹಾಡಿದ್ರು. ಈ ಲೆಕ್ಕ ಎಲ್ರೂ ಎಸ್‌ಪಿಬಿ ಹೆಸರಲ್ಲಿ ಹೇಳ್ತಾರೆ, ಸರಿಯೇ. ಆದ್ರೆ ಆ 21 ಹಾಡಿಗೂ ಬಿಟ್ ಬರೆದು ಇಟ್ಕೊಂಡಿದ್ದೋರು ಉಪೇಂದ್ರ ಕುಮಾರ್, ಒಡಿಶಾದಿಂದ ಬಂದು ನಮ್ಮೋರೇ ಆದೋರು, ಅವರ ಹೆಸರನ್ನೂ ಜೊತೇಲಿ ಹೇಳಿ.

ಹಿನ್ನೆಲೆ ಸಂಗೀತದ ವಿಷಯಕ್ಕೆ ಬರ್ತೀನಿ, ಇದು ನನ್ನ ಬಾಲ್ಯಕ್ಕೆ ಸೇರಿದ್ದು. ನಮ್ಮಪ್ಪ ಟೂರಿಂಗ್ ಟಾಕೀಸಲ್ಲಿ ಗೇಟ್ ನೋಡ್ಕೋತಿದ್ರು. ಟೆಂಟ್‌ನಲ್ಲಿ 'ನಮೋ ವೆಂಕಟೇಶ' ಹಾಕಿದ್ರು ಅಂದ್ರೆ ಆಟ ಶುರು ಅಂತ ಸುತ್ತ ನಾಲ್ಕು ಊರಿಗೆ ಗೊತ್ತಾಗೋದು, ಹೆಂಗಸ್ರು ಮುದ್ದೆ ಇಳಿಸಿ ಮಕ್ಕಳನ್ನ ಎತ್ಕೊಂಡು ಓಡೋರು. ನಾನು ಚಿಕ್ಕೋನು, ಎರಡನೇ ಆಟಕ್ಕೆ ಅಪ್ಪ ನನ್ನನ್ನ ಪರದೆ ಹಿಂದೆ ಚಾಪೆ ಹಾಕಿ ಮಲಗಿಸೋರು. ಸ್ಪೀಕರ್ ಇರೋದೂ ಪರದೆ ಹಿಂದೇನೇ. ಅಂದ್ರೆ ನಾನು ಎಷ್ಟೋ ಸಿನಿಮಾನ ನೋಡೋದಕ್ಕಿಂತ ಮುಂಚೆ ಕೇಳಿದೀನಿ. ಮಾತು ನಿಂತು ವಯಲಿನ್ ಸಣ್ಣಗೆ ಶುರುವಾದ್ರೆ ಯಾರಿಗೋ ಏನೋ ಆಯ್ತು ಅಂತ ನನಗೆ ಕಣ್ಣು ಮುಚ್ಕೊಂಡೇ ಗೊತ್ತಾಗೋದು, ಆಚೆ ಕಡೆ ಜನ ಮೂಗು ಏರಿಸೋ ಸದ್ದು ಆಮೇಲೆ ಬರೋದು.

ಹಾಗೆ ಕೇಳಿದ್ದು 'ಶರಪಂಜರ'. 1971ರ ಸಿನಿಮಾ, ಟೆಂಟಿಗೆ ಎಷ್ಟೋ ವರ್ಷ ಆದ್ಮೇಲೆ ಬಂದಿತ್ತು. ಪುಟ್ಟಣ್ಣ ಕಣಗಾಲ್ ನಿರ್ದೇಶನ, ಅವರು ನಿಮ್ಮ ಪಿರಿಯಾಪಟ್ಟಣದ ಕಣಗಾಲಿನೋರು. ಕಾದಂಬರಿ ತ್ರಿವೇಣಿ ಅವರದ್ದು, ಅವರು ಹುಟ್ಟಿದ್ದು ಮಂಡ್ಯದಲ್ಲಿ, ಬದುಕಿ ಬರೆದಿದ್ದು ಮೈಸೂರಲ್ಲಿ, 1963ರಲ್ಲಿ ತೀರಾ ಚಿಕ್ಕ ವಯಸ್ಸಿಗೇ ಹೋಗ್ಬಿಟ್ರು, ತಮ್ಮ ಕಾದಂಬರಿಗಳು ಹೀಗೆ ಹಾಡಾಗಿದ್ದನ್ನ ಅವರು ಕೇಳ್ಲೇ ಇಲ್ಲ. ಸಂಗೀತ ವಿಜಯಭಾಸ್ಕರ್. ಕಲ್ಪನಾ ಅವರ ಪಾತ್ರದ ಮನಸ್ಸು ಒಡೀತಾ ಹೋಗೋ ಕಥೆ, ಹೊರಗಡೆ ಎಲ್ಲಾ ಸರಿ ಇರೋ ಥರ ಕಾಣುತ್ತೆ, ಮನೆ, ಗಂಡ, ಮಕ್ಕಳು. ಒಳಗೆ ಆಗ್ತಿರೋದನ್ನ ಹೇಳೋರು ಯಾರು? ಸಂಗೀತಾನೇ ಹೇಳ್ಬೇಕು. ಆ ಸಿನಿಮಾದಲ್ಲೇ ಬೇಂದ್ರೆಯವರ 'ಉತ್ತರಧ್ರುವದಿಂ ದಕ್ಷಿಣಧ್ರುವಕೂ' ಇದೆ, ಅಷ್ಟು ಸಂಭ್ರಮದ ಹಾಡು, ಅದೇ ಸಿನಿಮಾದಲ್ಲಿ 'ಬಂಧನ, ಶರಪಂಜರದಲಿ ಬಂಧನ' ಇದೆ. ಒಬ್ಬಳೇ ಹೆಣ್ಣುಮಗಳ ಎರಡು ತುದಿ. ಪರದೆ ಹಿಂದೆ ಮಲಗಿದ್ದ ನನಗೆ ಆವತ್ತು ರಾತ್ರಿ ಭಯ ಆಗಿ ಎದ್ದು ಅಪ್ಪನ ಹತ್ರ ಹೋಗಿ ಕೂತಿದ್ದೆ. ದೆವ್ವದ ಸಿನಿಮಾ ಅಂದ್ಕೊಂಡಿದ್ದೆ. ದೊಡ್ಡೋನಾದ ಮೇಲೆ ನೋಡಿದಾಗ ಗೊತ್ತಾಯ್ತು, ನಾನು ಹೆದರಿದ್ದು ಒಂದು ಹೆಂಗಸಿನ ಸಂಕಟಕ್ಕೆ ಅಂತ.

ವಿಜಯಭಾಸ್ಕರ್ ಮಾರನೇ ವರ್ಷ, 1972ರಲ್ಲಿ, 'ನಾಗರಹಾವು' ಮಾಡಿದ್ರು. ಪುಟ್ಟಣ್ಣನವರದ್ದೇ, ತರಾಸು ಕಾದಂಬರಿ, ಚಿತ್ರದುರ್ಗದ ಬಂಡೆಗಳು, ಮೈಸೂರಿನ ಹುಡುಗ ವಿಷ್ಣುವರ್ಧನ್. ಅದರಲ್ಲಿ ಒಂದೊಂದು ಹಾಡೂ ಒಂದೊಂದು ಲೋಕ. 'ಹಾವಿನ ದ್ವೇಷ' ಬೆಂಕಿ, 'ಕರ್ಪೂರದ ಗೊಂಬೆ' ಕಣ್ಣೀರು, 'ಕನ್ನಡ ನಾಡಿನ ವೀರ ರಮಣಿಯ' ಲಾವಣಿ ಹೇಳಿದ ಹಾಗೆ ಕಥೆ ಹೇಳ್ಕೊಂಡು ಹೋಗೋದು. 'ಬಾರೆ ಬಾರೆ ಚಂದದ ಚೆಲುವಿನ ತಾರೆ' ಸ್ಲೋ ಮೋಷನಲ್ಲಿ ತೆಗೆದ ಹಾಡು ಅಂತ ಎಲ್ರಿಗೂ ಗೊತ್ತು. ಓಡೋ ಕಾಲು ನಿಧಾನವಾಗಿ ಗಾಳೀಲಿ ತೇಲ್ತಿರುತ್ತೆ, ಹಾಡು ಅದರ ಪಾಡಿಗೆ ತೂಗ್ತಿರುತ್ತೆ, ಚಿತ್ರದ ನಡಿಗೇನೂ ತಾಳದ ನಡಿಗೇನೂ ಎಲ್ಲೂ ಜಗಳ ಆಡಲ್ಲ. ಪಿ.ಬಿ. ಶ್ರೀನಿವಾಸ್ ದನಿ ಅದರ ಮೇಲೆ ಕೆನೆ ಥರ.

ಅದೇ 1972ರಲ್ಲೇ 'ಬಂಗಾರದ ಮನುಷ್ಯ' ಬಂತು, ಜಿ.ಕೆ. ವೆಂಕಟೇಶ್. ಮಂಡ್ಯ ಜಿಲ್ಲೇಲಿ ಈ ಸಿನಿಮಾ ಬಗ್ಗೆ ಮಾತಾಡೋಕೆ ಶುರು ಮಾಡಿದ್ರೆ ಸಂಜೆ ಸಾಲಲ್ಲ. 'ಆಗದು ಎಂದು, ಕೈಲಾಗದು ಎಂದು' ಹಾಡನ್ನ ನಾವು ನುಡಿಸಿದ್ರೆ ಕಬ್ಬು ಕಡಿಯೋರು, ಆಲೆಮನೆಯೋರು, ಮೈಷುಗರ್ ಸಕ್ಕರೆ ಫ್ಯಾಕ್ಟರೀಲಿ ಪಾಳಿ ಮುಗಿಸಿ ಬಂದೋರು ಎಲ್ಲಾ ಎದ್ದು ನಿಂತು ಹಾಡ್ತಿದ್ರು. ವೆಂಕಟೇಶ್ ಅವರ ಕೈ ಎಷ್ಟು ದೊಡ್ಡದು ನೋಡಿ, 1966ರ 'ಸಂಧ್ಯಾರಾಗ'ದಲ್ಲಿ ಬಾಲಮುರಳಿಕೃಷ್ಣ ಅವರ ಜೊತೆ ಸೇರಿ ಸಂಗೀತ ಮಾಡ್ತಾರೆ, ಭೀಮಸೇನ ಜೋಷಿ ಕೈಲಿ ಹಾಡಿಸ್ತಾರೆ, ಅದೇ ಮನುಷ್ಯ 1974ರ 'ಸಂಪತ್ತಿಗೆ ಸವಾಲ್'ನಲ್ಲಿ ಎಮ್ಮೆ ಮೇಲೆ ಕೂರಿಸಿ ರಾಜ್‌ಕುಮಾರ್ ಕೈಲೇ 'ಯಾರೇ ಕೂಗಾಡಲಿ' ಹಾಡಿಸ್ತಾರೆ. ಅಲ್ಲಿಂದ ಅಣ್ಣಾವ್ರ ಹಾಡಿಗೆ ಅಣ್ಣಾವ್ರದ್ದೇ ದನಿ ಆಯ್ತು.

ವೆಂಕಟೇಶ್ ಬಗ್ಗೆ ಇನ್ನೊಂದು ವಿಷಯ. ಅವರ ಹತ್ರ ಸಹಾಯಕರಾಗಿ ಕೆಲಸ ಮಾಡಿ ಕಲಿತ ಒಬ್ಬ ಹುಡುಗ ಇದ್ರು. ಇಳಯರಾಜಾ. ತಮಿಳಲ್ಲಿ ದೊಡ್ಡ ಹೆಸರು ಮಾಡೋದಕ್ಕಿಂತ ಮುಂಚೆ ನಮ್ಮ ಕನ್ನಡ ಸಿನಿಮಾಗಳ ರೆಕಾರ್ಡಿಂಗಲ್ಲೇ ಅವರ ಬೆರಳು ಪಳಗಿದ್ದು. ಆಮೇಲೆ ಅವರೇ ಬಂದು ಶಂಕರ್ ನಾಗ್ ಅವರಿಗೆ 'ಜನ್ಮ ಜನ್ಮದ ಅನುಬಂಧ' 1980ರಲ್ಲಿ, 'ಗೀತಾ' 1981ರಲ್ಲಿ ಮಾಡಿದ್ರು. 'ಗೀತಾ'ದ 'ಜೊತೆಯಲಿ ಜೊತೆ ಜೊತೆಯಲಿ' ಟ್ಯೂನ್ ಮೊದಲು ಹುಟ್ಟಿದ್ದು ಕನ್ನಡದಲ್ಲಿ, 1984ರಲ್ಲಿ ಅದು ತಮಿಳಿಗೆ ಹೋಯ್ತು, 2007ರಲ್ಲಿ ಹಿಂದಿಗೆ ಹೋಯ್ತು. ಎಷ್ಟೋ ಹುಡುಗ್ರು ಹಿಂದಿದು ಕೇಳಿ ಇಲ್ಲೂ ಇದೆಯಲ್ಲ ಸಾರ್ ಅಂತ ನನಗೆ ಹೇಳ್ತಾರೆ, ಇಲ್ಲೂ ಅಲ್ಲಪ್ಪ, ಇಲ್ಲೇ ಹುಟ್ಟಿದ್ದು.

ಆಮೇಲೆ 1983ರಲ್ಲಿ 'ಪಲ್ಲವಿ ಅನುಪಲ್ಲವಿ', ಇದಕ್ಕೂ ಇಳಯರಾಜಾ ಅವರದ್ದೇ ಸಂಗೀತ. ಮಣಿರತ್ನಂ ಅವರ ಮೊದಲ ಸಿನಿಮಾ ಕನ್ನಡದ್ದು. ಅದರ ಥೀಮ್ ಮ್ಯೂಸಿಕ್ ಎಷ್ಟೋ ವರ್ಷ ಆದ್ಮೇಲೆ ಐಡಿಯಾ ಮೊಬೈಲ್ ಜಾಹೀರಾತಲ್ಲಿ ಬಂದು ಇಡೀ ದೇಶದ ಜೇಬಲ್ಲಿ ರಿಂಗಾಯ್ತು. ನೋಡಿ, ಸಾಹಿತ್ಯ ಇಲ್ಲ, ಗಾಯಕರಿಲ್ಲ, ಬರೀ ವಾದ್ಯ, ಅದೇ ಉಳ್ಕೊಂಡಿದ್ದು. ಶುರುವಲ್ಲಿ ನಿಮ್ಮ ಕೈಲಿ ಹಾಡಿಸಿದ್ನಲ್ಲ, ಇದೇ ಸಿನಿಮಾದ 'ನಗುವ ನಯನ', ಅದರಲ್ಲಿ ಬೇಸ್ ಗಿಟಾರ್ ಮಾತ್ರ ಹಿಡಿದು ಕೇಳಿ. ಎಸ್‌ಪಿಬಿ, ಜಾನಕಿ ಮೇಲೆ ಹಾಡ್ತಿರ್ತಾರೆ, ಕೆಳಗಡೆ ಆ ಬೇಸು ಇನ್ನೊಂದು ಹಾಡು ಹಾಡ್ಕೊಂಡು ಹೋಗ್ತಿರುತ್ತೆ. ನಮ್ಮ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸೋ ಹುಡುಗನಿಗೆ ಯಾರೂ ಹಾರ ಹಾಕಲ್ಲ, ಅವನು ಮೂಲೇಲಿ ನಿಂತಿರ್ತಾನೆ. ಈ ಹಾಡು ಬಂದ್ರೆ ಮಾತ್ರ ಅವನ ಮುಖ ಅರಳೋದು.

ಇಳಯರಾಜಾ ಅವರ ವಯಲಿನ್ ಸಾಲುಗಳು, ಆ ಹಾರ್ಮನಿ, ಎಲ್ಲಾ ವೆಸ್ಟರ್ನ್ ಕ್ಲಾಸಿಕಲ್ಲಿಂದ ಬಂದಿದ್ದು ಅಂತ ಹೇಳ್ತಾರಲ್ಲ, ಮೈಸೂರಿನೋರಿಗೆ ಅದು ಹೊಸದೇನಲ್ಲ. ಅರಮನೇಲಿ ಬ್ಯಾಂಡ್ ಇತ್ತು, ಜಯಚಾಮರಾಜೇಂದ್ರ ಒಡೆಯರ್ ಅಂತೂ ಆ ಸಂಗೀತದಲ್ಲಿ ಮುಳುಗಿದ್ದೋರು, ರಷ್ಯಾದ ನಿಕೊಲಾಯ್ ಮೆಟ್ನರ್ ಅನ್ನೋ ಕಂಪೋಸರ್ ಲಂಡನ್ನಲ್ಲಿ ಯಾರೂ ಕೇಳೋರಿಲ್ಲದೆ ಇದ್ದಾಗ ಅವರ ಸಂಗೀತ ರೆಕಾರ್ಡ್ ಆಗೋಕೆ ದುಡ್ಡು ಕೊಟ್ಟಿದ್ದು ಮೈಸೂರು ಮಹಾರಾಜರು. ಆ ಮನುಷ್ಯ ತಮ್ಮ ಮೂರನೇ ಪಿಯಾನೋ ಕಾನ್ಸರ್ಟೋವನ್ನ ಮಹಾರಾಜರಿಗೇ ಅರ್ಪಿಸಿದ್ರು. 2024ರ ಯುವ ದಸರಾದಲ್ಲಿ ಉತ್ತನಹಳ್ಳಿ ಹತ್ರ ಒಂದು ದಿನ ಎ.ಆರ್. ರೆಹಮಾನ್, ಮಾರನೇ ದಿನ ಇಳಯರಾಜಾ, ಎರಡು ಸಂಜೆ. ಅಷ್ಟು ವಯಸ್ಸಲ್ಲೂ ಇಳಯರಾಜಾ ಸ್ಟೇಜ್ ಮೇಲೆ ನಿಂತಿದ್ದನ್ನ ನೋಡಿ ನನಗೆ ಕಣ್ಣು ತುಂಬಿ ಬಂತು.

ಇಲ್ಲಿ ತನಕ ಸಂಗೀತ ತುಂಬೋ ವಿಷಯ ಹೇಳಿದೆ. ಬಿಡೋ ವಿಷಯವೂ ಇದೆ. ಅದನ್ನ ಕಲಿಸಿದೋರು ಬಿ.ವಿ. ಕಾರಂತರು. ಮೈಸೂರಿಗೆ ಅವರು ಅಂದ್ರೆ ರಂಗಾಯಣ, ಆ ನಾಟಕ ಸಂಸ್ಥೇನ 1989ರಲ್ಲಿ ಕಟ್ಟಿದ್ರು, ಕಲ್ಲು, ಡಬ್ಬ, ಬಿದಿರು, ಕೈಗೆ ಏನು ಸಿಕ್ಕಿದ್ರೂ ಅದರಲ್ಲಿ ನಾದ ತೆಗೀತಿದ್ದ ಮನುಷ್ಯ. ಅವರೇ ನಿರ್ದೇಶನ ಮಾಡಿದ 'ಚೋಮನ ದುಡಿ' 1975ರದ್ದು, ಶಿವರಾಮ ಕಾರಂತರ ಕಾದಂಬರಿ, ಸ್ವರ್ಣ ಕಮಲ ಬಂತು. ಅದರಲ್ಲಿ ಚೋಮನಿಗೆ ಸಿಟ್ಟು ಬಂದ್ರೂ ದುಃಖ ಬಂದ್ರೂ ಬಾಯಿ ಮಾತಿಲ್ಲ, ದುಡಿ ಬಾರಿಸ್ತಾನೆ. ಹೊಲ ಉಳೋ ಆಸೆ ಈಡೇರ್ಲಿಲ್ಲ, ಮಕ್ಕಳು ಒಬ್ಬೊಬ್ರೇ ಕೈತಪ್ಪಿ ಹೋದ್ರು, ದುಡಿ ಒಂದೇ ಉಳ್ಕೊಂಡಿರೋದು. ಕೊನೇಲಿ ಬಾಗಿಲು ಹಾಕ್ಕೊಂಡು ಬಾರಿಸ್ತಾ ಬಾರಿಸ್ತಾನೇ ಪ್ರಾಣ ಹೋಗುತ್ತೆ. ಅಲ್ಲಿ ನೂರು ವಯಲಿನ್ ಇಟ್ಟಿದ್ರೂ ಆ ಒಂದು ಚರ್ಮದ ವಾದ್ಯ ಮಾಡೋ ಕೆಲಸ ಆಗ್ತಿರಲಿಲ್ಲ. ಸಂಗೀತ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಅವರಿಗೆ ಎರಡು ವರ್ಷ ಸಾಲಾಗಿ ಬಂತು, 1976ರ 'ಋಷ್ಯಶೃಂಗ'ಕ್ಕೆ ಒಂದು, 1977ರ 'ಘಟಶ್ರಾದ್ಧ'ಕ್ಕೆ ಒಂದು. 'ಘಟಶ್ರಾದ್ಧ' ನೋಡಿದೋರು ಹೇಳಿ, ಒಂದು ಹಾಡು ನೆನಪಿದೆಯಾ? ಇಲ್ಲ ಅಲ್ವಾ. ಆದ್ರೂ ಆ ಅಗ್ರಹಾರದ ನೀರವ ನಿಮ್ಮ ಕಿವೀಲಿ ಇನ್ನೂ ಇರುತ್ತೆ. ಅದೇ ಸಂಗೀತ ನಿರ್ದೇಶನ.

ಇದನ್ನ ಹೇಳುವಾಗ ನಮ್ಮ ಮಂಡ್ಯದ 'ತಿಥಿ' ನೆನಪಾಗುತ್ತೆ. ನೊದೆಕೊಪ್ಪಲು ಊರಲ್ಲಿ ಊರಿನ ಜನಾನೇ ಇಟ್ಕೊಂಡು ತೆಗೆದ ಸಿನಿಮಾ. ಹಾಡು ಬಂದು ಕಥೆ ನಿಲ್ಲಿಸಲ್ಲ, ತಮಟೆ, ಕುರಿ, ಟಿವಿಎಸ್ ಗಾಡಿ, ಬೈಗುಳ, ಇದೇ ಅದರ ಸೌಂಡು. ಅದನ್ನ ನೋಡಿ ನಮ್ಮ ಚಿಕ್ಕಪ್ಪ "ಇದೇನ್ಲಾ, ನಮ್ಮ ಜಗಲಿ ಮೇಲೆ ಕೂತಂಗೇ ಐತಲ್ಲ" ಅಂದ್ರು.

ಅಶ್ವಥ್ ಅವರ ಹೆಸರು ಹೇಳ್ದೆ ಮುಂದೆ ಹೋದ್ರೆ ಈ ಊರಲ್ಲಿ ನನ್ನನ್ನ ಯಾರೂ ಕ್ಷಮಿಸಲ್ಲ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ 1942ರಲ್ಲಿ 'ಮೈಸೂರ ಮಲ್ಲಿಗೆ' ಕೊಟ್ರು, ಐವತ್ತು ವರ್ಷ ಆದ್ಮೇಲೆ ನಾಗಾಭರಣ ಅದನ್ನ ಸಿನಿಮಾ ಮಾಡಿದಾಗ ಸಿ. ಅಶ್ವಥ್ ಸಂಗೀತ ಕೊಟ್ರು, ಆ ಸಿನಿಮಾಗೆ ಕವಿಗಳಿಗೆ ಸಾಹಿತ್ಯದ ರಾಷ್ಟ್ರಪ್ರಶಸ್ತಿ ಬಂತು. ಅಶ್ವಥ್ ಮಾಡಿದ ದೊಡ್ಡ ಕೆಲಸ ಅಂದ್ರೆ ಪದ್ಯಕ್ಕೆ ಜಾಗ ಬಿಟ್ಟಿದ್ದು. ಒಂದು ಸಾಲು ಮುಗಿದ ಮೇಲೆ ಕೇಳೋನು ಅದನ್ನ ಮನಸ್ಸಲ್ಲಿ ಇಳಿಸ್ಕೊಳ್ಳೋಕೆ ಎಷ್ಟು ಹೊತ್ತು ಬೇಕೋ ಅಷ್ಟೇ ಬಿಟ್, ಒಂದು ಮಾತ್ರೆ ಹೆಚ್ಚಿಲ್ಲ.

ಹಂಸಲೇಖ. ಇವರ ಬಗ್ಗೆ ನಮ್ಮ ಆರ್ಕೆಸ್ಟ್ರಾದೋರನ್ನ ಕೇಳ್ಬೇಕು ನೀವು. 1987ರಲ್ಲಿ 'ಪ್ರೇಮಲೋಕ' ಕ್ಯಾಸೆಟ್ ಬಂದಾಗ ಮಂಡ್ಯದಲ್ಲಿ ಹೋಟ್ಲು, ಸೈಕಲ್ ಶಾಪು, ಕಟಿಂಗ್ ಶಾಪು, ಎಲ್ಲಾ ಕಡೆ ಅದೇ, ನೀವು ನೂರಡಿ ರಸ್ತೆ ಈ ತುದಿಯಿಂದ ಆ ತುದಿಗೆ ನಡ್ಕೊಂಡು ಹೋದ್ರೆ ಒಂದು ಸೈಡ್ ಪೂರ್ತಿ ಕೇಳಿ ಮುಗಿಸ್ಬಹುದಿತ್ತು. ನಾವು ಬೆಳಗ್ಗೆ ಕ್ಯಾಸೆಟ್ ತಂದು ಕೂತ್ವಿ, ರಾತ್ರಿ ಪ್ರೋಗ್ರಾಂಗೆ ರೆಡಿ ಮಾಡ್ಬೇಕು, ಆಗ್ಲೇ ಇಲ್ಲ. ಒಂದು ಬಿಟ್ ಅರ್ಥ ಆಗೋಷ್ಟರಲ್ಲಿ ಇನ್ನೊಂದು ಬಂದ್ಬಿಡುತ್ತೆ, ಮಾತು ಹಾಡಾಗುತ್ತೆ, ಹಾಡು ಮಾತಾಗುತ್ತೆ, ರಿದಂ ಎಲ್ಲಿ ತಿರುಗುತ್ತೆ ಗೊತ್ತಾಗಲ್ಲ. ನಮ್ಮ ಡ್ರಮ್ ನುಡಿಸೋ ಅಣ್ಣ ಒಬ್ರು, ಹಳೇ ಕಾಲದೋರು, ಎರಡು ದಿನ ಕೇಳಿ ಕೇಳಿ ಮೂರನೇ ದಿನ "ನಾನು ಮೊದಲಿಂದ ಕಲೀತೀನಿ" ಅಂತ ಕೂತ್ರು. ಐವತ್ತು ದಾಟಿತ್ತು ಅವರಿಗೆ. ಅವರ ಆ ಮಾತನ್ನ ನಾನು ಮರೆಯಲ್ಲ.

ಹಂಸಲೇಖ ಅವರಲ್ಲಿ ಸಾಹಿತ್ಯಾನೂ ಅವರದ್ದೇ, ಟ್ಯೂನೂ ಅವರದ್ದೇ. ಬೇರೆಯೋರಲ್ಲಿ ಟ್ಯೂನ್ ಒಂದು ಕಡೆ ಹುಟ್ಟುತ್ತೆ, ಪದ ಇನ್ನೊಂದು ಕಡೆ ಹುಟ್ಟುತ್ತೆ, ಆಮೇಲೆ ಮದುವೆ ಮಾಡ್ತಾರೆ. ಇವರಲ್ಲಿ ಎರಡೂ ಅವಳಿ ಮಕ್ಕಳು. ಅದಕ್ಕೇ ಬಾಯಿಮಾತಿನ ಕನ್ನಡ, ಬೀದಿ ಕನ್ನಡ, ಇದ್ದ ಹಾಗೇ ತಾಳದ ಮೇಲೆ ಕೂತ್ಬಿಡುತ್ತೆ. ಆದ್ರೆ ಇವರನ್ನ ಬರೀ 'ಪ್ರೇಮಲೋಕ'ದಿಂದ ಅಳೀಬಾರದು. 1995ರ 'ಗಾನಯೋಗಿ ಪಂಚಾಕ್ಷರಿ ಗವಾಯಿ' ಕೇಳಿ, ಗದಗಿನ ಆ ಅಂಧ ಗವಾಯಿಗಳ ಬದುಕಿಗೆ ಹಿಂದೂಸ್ತಾನಿ ಸಂಗೀತ ಹೇಗೆ ಒಗ್ಗಿಸಿದಾರೆ ಅಂತ. ಇವರಿಗೆ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ, ಅದೇ ಸಿನಿಮಾದ ಹಾಡಿಗೆ ಎಸ್‌ಪಿಬಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ. 2023ರಲ್ಲಿ ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟನೆ ಮಾಡೋಕೆ ಅವರನ್ನ ಕರೆದಾಗ ನಮ್ಮ ಹಳೇ ಆರ್ಕೆಸ್ಟ್ರಾದೋರೆಲ್ಲ ಒಬ್ರಿಗೊಬ್ರು ಫೋನ್ ಮಾಡ್ಕೊಂಡ್ವಿ, ನಮ್ಮ ಮನೆ ಮದುವೇನೇ ಆದ ಹಾಗೆ.

ಈಗಿನೋರ ಬಗ್ಗೆ ಸ್ವಲ್ಪಾನೇ ಹೇಳ್ತೀನಿ, ಟೈಮ್ ಆಗ್ತಿದೆ. ಮನೋಮೂರ್ತಿ 2006ರ 'ಮುಂಗಾರು ಮಳೆ'ಯಲ್ಲಿ ಮತ್ತೆ ಮೆಲೊಡಿ ತಂದ್ರು, ಜಯಂತ ಕಾಯ್ಕಿಣಿಯವರ 'ಅನಿಸುತಿದೆ' ಇವತ್ತಿಗೂ ನನ್ನ ಹತ್ರ ಕಲಿಯೋಕೆ ಬರೋ ಮಕ್ಕಳ ಮೊದಲ ಹಾಡು. ಅಜನೀಶ್ ಲೋಕನಾಥ್ ಕೆಲಸ ಇಷ್ಟ. ಚರಣ್ ರಾಜ್ ತುಂಬಾ ತುಂಬಾ ಇಷ್ಟ, 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು', 2023ರ 'ಸಪ್ತ ಸಾಗರದಾಚೆ ಎಲ್ಲೋ', ಎರಡರಲ್ಲೂ ಅವರಿಗೆ ಸುಮ್ಮನಿರೋಕೆ ಬರುತ್ತೆ. ಬೇಜಾರು ಅಂದ್ರೆ ಈಗ ಬರೋ ಎಷ್ಟೋ ಆ್ಯಕ್ಷನ್ ಸಿನಿಮಾಗಳಲ್ಲಿ ಮೊದಲ ನಿಮಿಷದಿಂದ ಕೊನೇ ತನಕ ಎದೆ ಮೇಲೆ ಬಡೀತಾನೇ ಇರ್ತಾರೆ, ಪಾತ್ರಕ್ಕೆ ಉಸಿರಾಡೋಕೆ ಜಾಗ ಇರಲ್ಲ, ನಮಗೂ ಇರಲ್ಲ. ಅದನ್ನ ಮಾಡೋ ಹುಡುಗ್ರಿಗೆ ಪ್ರತಿಭೆ ಇದೆ, ಅದಕ್ಕೇ ಹೇಳ್ತಿದೀನಿ.

ಆ ಕಡೆಯಿಂದ ಒಬ್ರು ಕೇಳಿದ್ರು, ಸಾರ್ ನಿಮಗೆ ಒಂದೇ ಒಂದು ಹಾಡು ಆರಿಸ್ಕೊಳ್ಳಿ ಅಂದ್ರೆ ಯಾವುದು ಅಂತ. ದಿನಕ್ಕೊಂದು ಬದಲಾಗುತ್ತೆ. ಇವತ್ತು ಶಿವರಾಂಪೇಟೆಗೆ ಇಷ್ಟು ಹತ್ರ ನಿಂತಿದೀನಿ, ಹಾಗಾಗಿ 'ಬಯಲು ದಾರಿ'ಯ 'ಬಾನಲ್ಲು ನೀನೆ ಭುವಿಯಲ್ಲು ನೀನೆ'. ನಮ್ಮಮ್ಮ ರಾಗಿ ಬೀಸೋವಾಗ ಇದನ್ನ ಹಾಡೋರು, ಪದ ಪೂರ್ತಿ ಬರ್ತಿರಲಿಲ್ಲ ಅವರಿಗೆ, ಆದ್ರೆ ಚರಣ ಬರೋ ತನಕದ ಬಿಟ್ಟನ್ನ ಮಾತ್ರ ಬಾಯಲ್ಲೇ ಪೂರ್ತಿ ನುಡಿಸ್ತಿದ್ರು, ಒಂದು ಸ್ವರ ಬಿಡ್ತಿರಲಿಲ್ಲ, ಬೀಸೋಕಲ್ಲೇ ಅವರ ತಬಲ.

ಈಗ ಅದನ್ನೇ ಹಾಕ್ತೀನಿ. ಆ ಫ್ಯಾನ್ ಸ್ವಲ್ಪ ನಿಲ್ಲಿಸ್ತೀರಾ, ಸದ್ದು ಮಾಡ್ತಿದೆ. ಜಾನಕಿಯಮ್ಮನ ಜೊತೆ ನೀವೂ ಹಾಡಿ, ಬೇಡ ಅನ್ನಲ್ಲ. ಅವರು ನಿಲ್ಲಿಸಿದಾಗ ನೀವೂ ನಿಲ್ಲಿಸಿ, ಪಕ್ಕದೋರ ಹತ್ರ ಮಾತಾಡ್ಬೇಡಿ.